ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ದೇಶವನ್ನೇ ಚೇಣಿಗೆ ಕೊಟ್ಟ ಷಾ

ಕಳೆದ ಸಂಚಿಕೆಯಲ್ಲಿ ಯಾರೋ ಕೇಳಿದರು ಅಂತ ಪರ್ಷಿಯಾದ, ಅಂದರೆ ಈಗಿನ ಇರಾನಿನ, ಕಜಾರ್ ದೊರೆಗಳ ಬಗ್ಗೆ ಹತ್ತು ಸಾಲು ಬರೆದಿದ್ದೆ. ಷಾ ಅಂದರೆ ಅಲ್ಲಿನ ರಾಜ. 18ನೇ ಶತಮಾನದ ಕೊನೆಗೆ ಪಟ್ಟಕ್ಕೆ ಬಂದು 1925ರಲ್ಲಿ ಇಳಿದ ಮನೆತನ ಅದು. ಸುಧಾರಣೆ ಮಾಡ್ತೀವಿ ಅಂತ ಹೊರಟು ಹೊರಗಿನವರ ಸಾಲಕ್ಕೂ ಗುತ್ತಿಗೆಗೂ ಸಿಕ್ಕಿಬಿದ್ದರು, ಅಮೀರ್ ಕಬೀರ್ ಎಂಬ ಒಳ್ಳೆ ಮಂತ್ರಿಯನ್ನು ಷಾನೇ ಕೊಲ್ಲಿಸಿದ, ಮುಂದೆ ಒಂದು ಗುತ್ತಿಗೆಯ ವಿರುದ್ಧ ಇಡೀ ದೇಶ ಹೊಗೆಸೊಪ್ಪು ಬಿಟ್ಟಿತು ಅಂತ ಬರೆದಿದ್ದೆ, ಅಷ್ಟೇ. ಈ ತಿಂಗಳ ಟಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಪ್ರಶ್ನೆ! ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಅದಕ್ಕೆ ತಿಳಿದವರಿಂದಲೇ ಮುಂದಿನ ಸಲ ಬರೆಸುತ್ತೇವೆ.

ಪ್ರಶ್ನೆ: ಮೇಷ್ಟ್ರೇ, ನಮ್ಮನ್ನು ಬ್ರಿಟಿಷರು ಆಳಿದರು, ಸರಿ. ಪರ್ಷಿಯಾವನ್ನು ಯಾರೂ ಆಳಲಿಲ್ಲವಲ್ಲ? ಅಲ್ಲಿ ಅವರದೇ ರಾಜ ಇದ್ದ. ಮತ್ತೆ ಹೊರಗಿನವರ ಕಾಟ ಅನ್ನೋದು ಎಲ್ಲಿಂದ ಬಂತು?
ಸಾಗರದಿಂದ ಒಬ್ಬ ಬಿ.ಎ. ವಿದ್ಯಾರ್ಥಿನಿ

ಉತ್ತರ: ರಾಜ ಇದ್ದ ತಂಗಿ, ಖಜಾನೆಯಲ್ಲಿ ದುಡ್ಡಿರಲಿಲ್ಲ.

ಮೊದಲು ಯುದ್ಧದಿಂದ ಶುರು ಮಾಡೋಣ. ರಷ್ಯದ ಜೊತೆ ಎರಡು ಸಲ ಕಾದಾಡಿದರು, ಎರಡು ಸಲವೂ ಸೋತರು. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಜಾರ್ಜಿಯಾ, ಬಾಕು ಕಡೆಯ ಸೀಮೆ ಹೋಯಿತು. 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಲ್ಲಿ ಎರೆವಾನ್, ನಖಿಚೆವಾನ್ ಹೋದವು. ಅದರ ಮೇಲೆ 2 ಕೋಟಿ ರೂಬಲ್ ದಂಡ ಬೇರೆ. ಜಮೀನು ಹೋದದ್ದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಆ ಒಪ್ಪಂದದ ಜೊತೆ ಬಂದ ವ್ಯಾಪಾರದ ಷರತ್ತುಗಳು. ರಷ್ಯದ ಸರಕಿಗೆ 5 ಶೇಕಡಾಕ್ಕಿಂತ ಹೆಚ್ಚು ಸುಂಕ ಹಾಕುವ ಹಾಗಿಲ್ಲ. ರಷ್ಯದ ಪ್ರಜೆ ತಪ್ಪು ಮಾಡಿದರೆ ಅಲ್ಲಿನ ಕೋರ್ಟಿನಲ್ಲಿ ವಿಚಾರಣೆ ಮಾಡುವ ಹಾಗಿಲ್ಲ. ಆಮೇಲೆ ಬ್ರಿಟಿಷರೂ ಬಂದು, ಅವರಿಗೆ ಕೊಟ್ಟದ್ದು ನಮಗೂ ಕೊಡಿ ಅಂತ ಕೂತರು, 1841ರಲ್ಲಿ ಅದೂ ಆಯಿತು. ಪರಿಣಾಮ ಏನಪ್ಪಾ ಅಂದರೆ, ಮ್ಯಾಂಚೆಸ್ಟರಿನ ಬಟ್ಟೆ ಬಂದರಿನಲ್ಲಿ ಒಂದು ಸಲ 5 ಶೇಕಡಾ ಕಟ್ಟಿ ದೇಶವೆಲ್ಲ ತಿರುಗಬಹುದು. ಅದೇ ಇಸ್ಫಹಾನಿನ ವ್ಯಾಪಾರಿ ತನ್ನ ಸ್ವಂತ ದೇಶದಲ್ಲಿ ಊರೂರಿನ ದಾರಿಸುಂಕ ಕಟ್ಟುತ್ತಾ ಹೋಗಬೇಕು. ನೇಕಾರ ಮುಳುಗಿದ, ವ್ಯಾಪಾರಿ ಸೊರಗಿದ, ಸುಂಕದ ಹಣ ಬರುವ ದಾರಿಯನ್ನು ಸರ್ಕಾರವೇ ಮುಚ್ಚಿಕೊಂಡಿತು.

ಇನ್ನೊಂದು ಕಡೆ ಬ್ರಿಟಿಷರಿಗೆ ಪರ್ಷಿಯಾದ ಮೇಲೆ ಇದ್ದ ಆಸೆಗಿಂತ ನಮ್ಮ ಮೇಲಿದ್ದ ಆಸೆ ದೊಡ್ಡದು. ರಷ್ಯ ಇಂಡಿಯಾದ ಬಾಗಿಲಿಗೆ ಬರಬಾರದು, ಅದಕ್ಕೆ ಮಧ್ಯೆ ಒಂದು ಬಡಕಲು ದೇಶ ಹಾಗೇ ಬಿದ್ದಿರಲಿ ಅನ್ನುವ ಲೆಕ್ಕ. ಪೂರ್ತಿ ಸಾಯಬಾರದು, ಎದ್ದು ನಿಲ್ಲಲೂಬಾರದು. 1856ರಲ್ಲಿ ಷಾ ಅಫ್ಘಾನಿಸ್ತಾನದ ಕಡೆಯ ಹೆರಾತ್ ಊರನ್ನು ಹಿಡಿದಾಗ ಬೊಂಬಾಯಿಯಿಂದ ಹಡಗು ಹತ್ತಿದ ಸೈನ್ಯ ಬುಷೆಹರ್ ಬಂದರನ್ನು ಹಿಡಿದುಕೊಂಡಿತು. ಮರುವರ್ಷ ಷಾ ಹೆರಾತ್ ಬಿಟ್ಟುಕೊಟ್ಟ. ಬೇರೆಯವರ ಜಗಳಕ್ಕೆ ನಮ್ಮ ಸಿಪಾಯಿಗಳು, ಯಾವತ್ತಿನ ಹಾಗೆ.

ಪ್ರಶ್ನೆ: ಅಮೀರ್ ಕಬೀರ್ ಅಷ್ಟು ಒಳ್ಳೆ ಮಂತ್ರಿ ಅಂತ ಬರೆದಿದ್ದೀರಿ. ಅಂಥವನನ್ನು ಷಾ ಯಾಕೆ ಕೊಲ್ಲಿಸಿದ ಮಾರಾಯ್ರೇ? ಅದೂ ಸ್ವಂತ ತಂಗಿಯ ಗಂಡನನ್ನು!
ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು

ಉತ್ತರ: ಇದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಅಮೀರ್ ಕಬೀರ್ ಅನ್ನೋದು ಬಿರುದು, ಮಿರ್ಜಾ ತಕೀ ಖಾನ್ ಅವನ ಹೆಸರು. ಅಪ್ಪ ಒಬ್ಬ ದೊಡ್ಡ ಮಂತ್ರಿಯ ಮನೆಯಲ್ಲಿ ಅಡುಗೆಯವನು. ಆ ಮನೆಯ ಮಕ್ಕಳ ಜೊತೆ ಅಕ್ಷರ ಕಲಿತ ಹುಡುಗ ತಬ್ರೀಜ್ ಆಡಳಿತದಲ್ಲಿ ಗುಮಾಸ್ತನಾಗಿ ಮೇಲೆ ಬಂದ. ತಬ್ರೀಜ್ ಅಂದರೆ ಯುವರಾಜರು ಇರುತ್ತಿದ್ದ ಊರು. ಅಲ್ಲಿ ಹಿಂದೆಯೇ ಅಬ್ಬಾಸ್ ಮಿರ್ಜಾ ಎಂಬ ಯುವರಾಜ, ರಷ್ಯದ ಕೈಯಲ್ಲಿ ಏಟು ತಿಂದ ಮೇಲೆ, ಯುರೋಪಿನ ಮಾದರಿಯ ಸೈನ್ಯ ಕಟ್ಟಲು ಶುರು ಮಾಡಿದ್ದ, ಹುಡುಗರನ್ನು ಓದಲು ಇಂಗ್ಲೆಂಡಿಗೆ ಕಳಿಸಿದ್ದ. ನಮ್ಮ ತಕೀ ಖಾನ್ 1829ರಲ್ಲಿ ಒಂದು ನಿಯೋಗದ ಜೊತೆ ರಷ್ಯಕ್ಕೆ ಹೋಗಿಬಂದ. ಟೆಹ್ರಾನಿನಲ್ಲಿ ಜನ ರಷ್ಯದ ರಾಯಭಾರಿ ಗ್ರಿಬೊಯೆದೊವ್‌ನನ್ನು ಕೊಂದಿದ್ದರು, ಅದಕ್ಕೆ ಕ್ಷಮೆ ಕೇಳಲು ಹೋದ ನಿಯೋಗ ಅದು. ಹೋದದ್ದು ಕ್ಷಮೆ ಕೇಳಲು, ಆದರೆ ಶಾಲೆ, ಕಾರ್ಖಾನೆ ಎಲ್ಲ ಕಣ್ಣಾರೆ ನೋಡಿಕೊಂಡು ಬಂದ.

1848ರಲ್ಲಿ 17 ವರ್ಷದ ನಾಸಿರುದ್ದೀನ್ ಷಾ ಆದ. ಅವನನ್ನು ತಬ್ರೀಜಿನಿಂದ ಟೆಹ್ರಾನಿಗೆ ಕ್ಷೇಮವಾಗಿ ಕರೆತಂದು ಪಟ್ಟಕ್ಕೆ ಕೂರಿಸಿದ್ದೇ ತಕೀ ಖಾನ್. ಹುಡುಗ ರಾಜ ಅವನನ್ನೇ ಪ್ರಧಾನಿ ಮಾಡಿದ, ತಂಗಿಯನ್ನು ಕೊಟ್ಟು ಮದುವೆ ಮಾಡಿದ. ಆಮೇಲೆ ಮೂರು ವರ್ಷ ಆ ಮನುಷ್ಯ ಮಾಡಿದ ಕೆಲಸ ನೋಡಿ. ಸಿಡುಬಿಗೆ ಲಸಿಕೆ ಹಾಕಿಸಿದ. 1851ರಲ್ಲಿ ಸರ್ಕಾರಿ ಪತ್ರಿಕೆ ತಂದ. ದಾರುಲ್ ಫುನೂನ್ ಅಂತ ಹೊಸ ವಿದ್ಯಾಶಾಲೆ ಕಟ್ಟಿಸಿದ, ಗಣಿತ, ವೈದ್ಯ, ಗಣಿ, ಫಿರಂಗಿ ವಿದ್ಯೆ ಎಲ್ಲ ಕಲಿಸಲಿಕ್ಕೆ. ಮೇಷ್ಟ್ರುಗಳನ್ನು ಎಲ್ಲಿಂದ ತರಿಸಿದ ಗೊತ್ತಾ? ರಷ್ಯದಿಂದಲೂ ಅಲ್ಲ, ಬ್ರಿಟನ್ನಿನಿಂದಲೂ ಅಲ್ಲ, ಆಸ್ಟ್ರಿಯಾದಿಂದ. ಅಲ್ಲಿಯವರಿಗೆ ಪರ್ಷಿಯಾದಲ್ಲಿ ಏನೂ ಹಿತಾಸಕ್ತಿ ಇರಲಿಲ್ಲ. ಅವನ ತಲೆ ಎಷ್ಟು ಚುರುಕು ಅನ್ನೋದಕ್ಕೆ ಇದೊಂದೇ ಸಾಕು.

ಆದರೆ ಇದಕ್ಕೆಲ್ಲ ದುಡ್ಡು ಎಲ್ಲಿಂದ? ಸುಂಕ ಏರಿಸುವ ಹಾಗಿಲ್ಲ, ಆಗಲೇ ಹೇಳಿದೆನಲ್ಲ. ಉಳಿದದ್ದು ಒಂದೇ ದಾರಿ, ಅರಮನೆಯ ಖರ್ಚಿಗೆ ಕತ್ತರಿ. ಹಳೆಯ ಷಾ ಫತ್ ಅಲಿಗೆ ನೂರರ ಹತ್ತಿರ ಮಕ್ಕಳು. ಅವರ ಮಕ್ಕಳು, ಮೊಮ್ಮಕ್ಕಳು, ಅಳಿಯಂದಿರು, ಎಲ್ಲರಿಗೂ ಖಜಾನೆಯಿಂದ ಕೂತಲ್ಲಿಗೇ ವರ್ಷಾಶನ. ಅಮೀರ್ ಅದಕ್ಕೆ ಕೈ ಹಾಕಿದ. ರಾಜಕುಮಾರರು, ಮುಲ್ಲಾಗಳಲ್ಲಿ ಕೆಲವರು, ಕಂದಾಯದ ಅಧಿಕಾರಿಗಳು ಒಟ್ಟಾದರು. ಎಲ್ಲರ ಮುಂದೆ ನಿಂತದ್ದು ರಾಜಮಾತೆ, ಅಂದರೆ ಅವನ ಸ್ವಂತ ಅತ್ತೆ.

1851ರ ನವೆಂಬರಿನಲ್ಲಿ ಅವನನ್ನು ಕೆಲಸದಿಂದ ತೆಗೆದರು. ಆಗ ರಷ್ಯದ ರಾಯಭಾರಿ ರಕ್ಷಣೆಗೆ ಅಂತ ತನ್ನ ಜನರನ್ನು ಅಮೀರ್ ಮನೆಗೆ ಕಳಿಸಿದ. ಆ ಉಪಕಾರವೇ ಮುಳುವಾಯಿತು, ಷಾನಿಗೆ ಅನುಮಾನ ಇನ್ನೂ ಹೆಚ್ಚಿತು. ಅವನ ಜಾಗಕ್ಕೆ ಬಂದ ನೂರಿ ಎಂಬುವನು ಅಲ್ಲಿಯವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದವನು! ನೋಡಿ, ಪ್ರಧಾನಿ ಪದವಿಯ ಆಚೆಗೊಬ್ಬ ಈಚೆಗೊಬ್ಬ ಪರದೇಶದವರು. ಅಮೀರನನ್ನು ಕಾಶಾನ್ ಊರಿನ ಫಿನ್ ತೋಟಕ್ಕೆ ಗಡೀಪಾರು ಮಾಡಿದರು. ಹೆಂಡತಿ ಜೊತೆಗೇ ಹೋದಳು, ವಿಷ ಹಾಕಿಯಾರು ಅಂತ ಗಂಡನ ಊಟವನ್ನು ತಾನೇ ಮೊದಲು ರುಚಿ ನೋಡುತ್ತಿದ್ದಳಂತೆ. 1852ರ ಜನವರಿಯಲ್ಲಿ ಟೆಹ್ರಾನಿನಿಂದ ಆಳು ಬಂದ. ಸ್ನಾನದ ಮನೆಯಲ್ಲಿ ಕೈಯ ನರ ಕತ್ತರಿಸಿ ಕೊಂದರು. ದಾರುಲ್ ಫುನೂನ್ ಬಾಗಿಲು ತೆರೆದು ಎರಡು ವಾರವೂ ಆಗಿರಲಿಲ್ಲ.

ಅವನು ದೇವರಂಥ ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಬಾಬ್ ಎಂಬ ಧರ್ಮಗುರುವನ್ನು 1850ರಲ್ಲಿ ಗುಂಡಿಟ್ಟು ಕೊಲ್ಲಿಸಿದ್ದು ಇವನ ಅಪ್ಪಣೆಯ ಮೇಲೇ. ಗಟ್ಟಿ ಕೈ, ಗಟ್ಟಿ ಮನಸ್ಸು. ಆದರೂ ಅಲ್ಲಿಂದ ಮುಂದೆ ಷಾ ಹಿಡಿದ ದಾರಿ ನೋಡಿದರೆ ಇವನ ಬೆಲೆ ಗೊತ್ತಾಗುತ್ತದೆ. ಅಮೀರ್ ಖರ್ಚು ಕಡಿಮೆ ಮಾಡಿ ಸುಧಾರಣೆ ಮಾಡಲು ಹೋದ. ಅವನ ನಂತರದವರು ಖರ್ಚು ಹಾಗೇ ಇಟ್ಟುಕೊಂಡು ಸುಧಾರಣೆಯನ್ನೇ ಗುತ್ತಿಗೆಗೆ ಕೊಟ್ಟರು.

ಪ್ರಶ್ನೆ: ರಾಯ್ಟರ್ ಅನ್ನುವವನಿಗೆ ಪರ್ಷಿಯಾವನ್ನೇ ಮಾರಿದರು ಅಂತ ಎಲ್ಲೋ ಓದಿದೆ. ಸುದ್ದಿ ಸಂಸ್ಥೆಯ ರಾಯ್ಟರ್ ಇವನೇನಾ? ಹಾಗೆ ನೋಡಿದರೆ ನಮ್ಮ ಮೈಸೂರಿನವರೂ ಕೋಲಾರದ ಚಿನ್ನವನ್ನು ಇಂಗ್ಲಿಷ್ ಕಂಪನಿಗೆ ಕೊಟ್ಟಿರಲಿಲ್ಲವೇ?
ಭದ್ರಾವತಿಯಿಂದ, ಕಾರ್ಖಾನೆಯಿಂದ ನಿವೃತ್ತರಾದವರು

ಉತ್ತರ: ಅವನೇ. ಪಾರಿವಾಳದ ಕಾಲಿಗೆ ಷೇರುಪೇಟೆ ದರ ಕಟ್ಟಿ ಹಾರಿಸಿ ದುಡ್ಡು ಮಾಡಿದ ಜೂಲಿಯಸ್ ರಾಯ್ಟರ್.

ನಮ್ಮ ಕಡೆ ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ಖರ್ಚಿದೆ ಅಂದಾಗ ಏನು ಮಾಡ್ತಾರೆ? ಮುಂಗಡ ಇಸ್ಕೊಂಡು ತೋಟವನ್ನು ಚೇಣಿಗೆ ಕೊಡ್ತಾರೆ. ಅಡಿಕೆ ಕೊನೆ ಇನ್ನೂ ಹಸಿರಿರುವಾಗಲೇ ಫಸಲು ಬೇರೆಯವರದ್ದು. 1872ರಲ್ಲಿ ಷಾ ಮಾಡಿದ್ದು ಇದನ್ನೇ, ತೋಟದ ಬದಲು ದೇಶ. ರೈಲು, ಟ್ರಾಮು, ಚಿನ್ನಬೆಳ್ಳಿ ಬಿಟ್ಟು ಹೆಚ್ಚುಕಮ್ಮಿ ಎಲ್ಲ ಗಣಿ, ನೀರಾವರಿ ಕಾಲುವೆ, ಸರ್ಕಾರಿ ಕಾಡು, ಮುಂದೆ ಬ್ಯಾಂಕು ಬಂದರೆ ಅದೂ, ಎಲ್ಲ 70 ವರ್ಷಕ್ಕೆ ಒಬ್ಬನಿಗೇ. ಸುಂಕ ವಸೂಲಿ 25 ವರ್ಷಕ್ಕೆ. ಮುಂದೆ ನಮ್ಮ ವೈಸ್‌ರಾಯ್ ಆದ ಕರ್ಜನ್, ಸಾಮ್ರಾಜ್ಯದ ಪಕ್ಕಾ ಭಕ್ತ ಅವನು, ಅವನೇ ಇದನ್ನು ನೋಡಿ ಒಂದು ರಾಜ್ಯದ ಸಂಪತ್ತನ್ನು ಹೀಗೆ ಇಡಿಯಾಗಿ ಪರದೇಶದವರ ಕೈಗೆ ಒಪ್ಪಿಸಿದ್ದು ಚರಿತ್ರೆಯಲ್ಲೇ ಇಲ್ಲ ಅನ್ನುವ ಅರ್ಥದ ಮಾತು ಬರೆದ.

ಇದನ್ನು ಮಾಡಿಸಿದ ಪ್ರಧಾನಿ ಮಿರ್ಜಾ ಹುಸೇನ್ ಖಾನ್ ಕಳ್ಳನೇನೂ ಅಲ್ಲ, ಸುಧಾರಕನೇ (ಲಂಚ ಓಡಾಡಿತ್ತು ಅನ್ನೋದು ಬೇರೆ ಮಾತು). ಬೊಂಬಾಯಿ, ಇಸ್ತಾಂಬುಲ್‌ಗಳಲ್ಲಿ ಕೆಲಸ ಮಾಡಿ ರೈಲು, ಬಂದರು ಎಲ್ಲ ನೋಡಿದವನು. ದೇಶದಲ್ಲಿ ಆಗಷ್ಟೇ ಭಾರಿ ಬರಗಾಲ ಮುಗಿದಿತ್ತು, ಖಜಾನೆ ಬರಿದು. ಹೊರಗಿನ ಬಂಡವಾಳ ಒಮ್ಮೆ ಬಂದರೆ ಎಲ್ಲ ಸರಿಯಾಗುತ್ತದೆ, ಬ್ರಿಟನ್ ನಮ್ಮ ಬೆನ್ನಿಗೆ ನಿಲ್ಲುತ್ತದೆ ಅಂತ ನಂಬಿದ್ದ. 1873ರಲ್ಲಿ ಷಾನನ್ನು ಯುರೋಪ್ ತೋರಿಸಲು ಕರೆದುಕೊಂಡು ಹೋದ. ರಷ್ಯ ಕೆಂಡವಾಗಿತ್ತು, ಬ್ರಿಟಿಷ್ ಸರ್ಕಾರ ಅದು ರಾಯ್ಟರ್‌ನ ಖಾಸಗಿ ವ್ಯವಹಾರ ಅಂತ ಕೈ ತೊಳೆದುಕೊಂಡಿತು. ಊರಿನಲ್ಲಿ ಇನ್ನೊಂದು ಬೆಂಕಿ. ಷಾ ತನ್ನ ಮೆಚ್ಚಿನ ಹೆಂಡತಿ ಅನೀಸುದ್ದೌಲಾಳನ್ನು ಜೊತೆಗೆ ಕರೆದುಕೊಂಡು ಹೊರಟಿದ್ದ, ಪ್ರಧಾನಿ ಹೇಳಿ ಅರ್ಧ ದಾರಿಯಿಂದ ವಾಪಸ್ ಕಳಿಸಿದ. ಅವಳು ಬಿಡ್ತಾಳಾ? ಟೆಹ್ರಾನಿಗೆ ಬಂದು ಪ್ರಧಾನಿಯ ವಿರೋಧಿಗಳ ಜೊತೆ ಸೇರಿಕೊಂಡಳು. ಷಾ ಮರಳಿ ಸ್ವಂತ ನೆಲದ ಮೇಲೆ ಕಾಲಿಡುತ್ತಿದ್ದ ಹಾಗೇ ಪ್ರಧಾನಿಯನ್ನು ತೆಗೆಯಬೇಕಾಯಿತು, ಗುತ್ತಿಗೆಯೂ ರದ್ದಾಯಿತು. ರಾಯ್ಟರ್ ಮಾತ್ರ ಬಿಡಲಿಲ್ಲ. ಪರಿಹಾರ ಪರಿಹಾರ ಅಂತ ಹಿಂದೆ ಬಿದ್ದು 1889ರಲ್ಲಿ ಇಂಪೀರಿಯಲ್ ಬ್ಯಾಂಕ್ ತೆರೆಯುವ ಹಕ್ಕು ಪಡೆದ. 60 ವರ್ಷ ಪರ್ಷಿಯಾದ ನೋಟು ಅಚ್ಚು ಹಾಕುವ ಹಕ್ಕು ಒಂದು ಬ್ರಿಟಿಷ್ ಬ್ಯಾಂಕಿಗೆ!

ಕೋಲಾರದ ಮಾತು ಒಪ್ಪತಕ್ಕದ್ದೇ. ಚಿನ್ನ ಹೋಯಿತು, ಸುಳ್ಳಲ್ಲ. ಮೈಸೂರು ಬ್ರಿಟಿಷರ ಕೈಕೆಳಗೇ ಇತ್ತು, ವರ್ಷಾ ವರ್ಷ ಲಕ್ಷಗಟ್ಟಲೆ ಪೊಗದಿ ಕಟ್ಟುತ್ತಿತ್ತು. ಆದರೆ ಗಣಿಯ ರಾಯಧನ ಸರ್ಕಾರದ ಲೆಕ್ಕಕ್ಕೆ ಜಮಾ ಆಗುತ್ತಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ ಅದೇ ಗಣಿ ಕಂಪನಿಗೆ ಮಾರಿದ್ದು ಮೈಸೂರು ಸರ್ಕಾರ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ಹಲ್ಲಿಲ್ಲದ್ದು ಅಂತ ಬೈಯಿರಿ ಬೇಕಾದರೆ, ಆದರೂ ಲೆಕ್ಕ ಎಲ್ಲರ ಮುಂದೆ ಓದುತ್ತಿದ್ದರು. ಟೆಹ್ರಾನಿನಲ್ಲಿ ಷಾನ ಕಿಸೆಗೂ ದೇಶದ ಖಜಾನೆಗೂ ಮಧ್ಯೆ ಗೋಡೆಯೇ ಇರಲಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲಿ, ಪರದೇಶದವರು ಬಂದರಾ ಇಲ್ಲವಾ ಅನ್ನುವುದರಲ್ಲಿ ಅಲ್ಲ.

ಪ್ರಶ್ನೆ: ಫೋನಿಲ್ಲ, ವಾಟ್ಸಾಪಿಲ್ಲ. ಇಡೀ ದೇಶ ಒಂದೇ ಸಲ ಹೊಗೆಸೊಪ್ಪು ಬಿಟ್ಟಿತು ಅಂತೀರಿ. ನಂಬೋದು ಹೇಗೆ ಸ್ವಾಮಿ?
ಶಿವಮೊಗ್ಗದ ಅಡಿಕೆ ಮಂಡಿಯಿಂದ

ಉತ್ತರ: ಟೆಲಿಗ್ರಾಫ್ ಇತ್ತಲ್ಲ! ಅದನ್ನು ಹಾಕಿದ್ದೂ ಬ್ರಿಟಿಷರೇ, ನಮ್ಮ 1857ರ ದಂಗೆ ನೋಡಿ ಹೆದರಿ. ಲಂಡನ್ನಿಗೂ ಇಂಡಿಯಾಕ್ಕೂ ಬೇಗ ಸುದ್ದಿ ಮುಟ್ಟಬೇಕು ಅಂತ 1860ರ ದಶಕದಲ್ಲಿ ಪರ್ಷಿಯಾದ ನೆಲದ ಮೇಲೆ ತಂತಿ ಎಳೆದರು. ಅದೇ ತಂತಿ ಅವರ ಕಂಪನಿಗೇ ತಿರುಗಿ ಬಿತ್ತು.

ಕಥೆ ಇಷ್ಟು. 1890ರಲ್ಲಿ ಷಾ ಟಾಲ್ಬಟ್ ಎಂಬ ಇಂಗ್ಲಿಷ್ ಮೇಜರನಿಗೆ ದೇಶದ ಎಲ್ಲ ಹೊಗೆಸೊಪ್ಪನ್ನು ಕೊಳ್ಳುವ, ಮಾರುವ, ಹೊರಗೆ ಕಳಿಸುವ ಹಕ್ಕನ್ನು 50 ವರ್ಷಕ್ಕೆ ಬರೆದುಕೊಟ್ಟ. ಷಾನಿಗೆ ವರ್ಷಕ್ಕೆ 15,000 ಪೌಂಡ್, ಲಾಭದಲ್ಲಿ ಕಾಲು ಭಾಗ. ನೀವು ಮಂಡಿಯವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಳೆಯಿಂದ ರಾಶಿ, ಬೆಟ್ಟೆ, ಗೊರಬಲು ಯಾವ ಅಡಿಕೆಯೇ ಇರಲಿ, ಕೊಳ್ಳುವವನು ಒಬ್ಬನೇ, ದರ ಹೇಳುವವನೂ ಅವನೇ ಅಂದರೆ ಸುಮ್ನೆ ಇರ್ತೀರಾ? ಬೆಳೆಗಾರ, ದಲ್ಲಾಳಿ, ಅಂಗಡಿಯವನು ಎಲ್ಲರೂ ಎದ್ದರು. ಶಿರಾಜಿನಲ್ಲಿ ಶುರುವಾಗಿ ತಬ್ರೀಜ್, ಇಸ್ಫಹಾನ್, ಟೆಹ್ರಾನ್‌ಗೆ ಹಬ್ಬಿತು. ರಷ್ಯದವರು ಬ್ರಿಟಿಷ್ ಕಂಪನಿ ಮುಳುಗಲಿ ಅಂತ ಹಿಂದಿನಿಂದ ಗಾಳಿ ಹಾಕಿದರು. 1891ರ ಡಿಸೆಂಬರಿನಲ್ಲಿ ಈಗಿನ ಇರಾಕಿನ ಸಾಮರ್ರಾದಲ್ಲಿದ್ದ ಹಿರಿಯ ಧರ್ಮಗುರು ಮಿರ್ಜಾ ಹಸನ್ ಶಿರಾಜಿಯ ಹೆಸರಿನಲ್ಲಿ ಫತ್ವಾ ಬಂತು, ಇನ್ನು ಹೊಗೆಸೊಪ್ಪು ಮುಟ್ಟುವುದು ಇಮಾಮರ ಮೇಲೆ ಯುದ್ಧ ಸಾರಿದ ಹಾಗೆ ಅಂತ.

ಮುಗೀತು. ಅಂಗಡಿ ಮುಚ್ಚಿದವು, ಹುಕ್ಕಾ ಒಡೆದರು. ಷಾನ ಜನಾನಾದಲ್ಲಿ ಹೆಂಗಸರೂ ಹುಕ್ಕಾ ಬಿಟ್ಟರು, ಆಳುಗಳು ಷಾನಿಗೇ ಹುಕ್ಕಾ ಹಚ್ಚಿಕೊಡಲು ಒಪ್ಪಲಿಲ್ಲ ಅಂತಾರೆ. ಕೆಲವೇ ವಾರದಲ್ಲಿ, 1892ರ ಜನವರಿಗೆ, ಗುತ್ತಿಗೆ ರದ್ದು. ಆದರೆ ಕಂಪನಿಗೆ ಪರಿಹಾರ 5 ಲಕ್ಷ ಪೌಂಡ್. ಎಲ್ಲಿಂದ ತಂದರು? ರಾಯ್ಟರ್ ತೆರೆದ ಅದೇ ಇಂಪೀರಿಯಲ್ ಬ್ಯಾಂಕಿನಿಂದ, ಕೊಲ್ಲಿ ಬಂದರುಗಳ ಸುಂಕವನ್ನು ಅಡ ಇಟ್ಟು. ಪರ್ಷಿಯಾದ ಮೊದಲ ವಿದೇಶಿ ಸಾಲ ಅದು. ಜನ ಗೆದ್ದರು, ಬಡ್ಡಿ ಕಟ್ಟಿದವರೂ ಅವರೇ.

ಪ್ರಶ್ನೆ: ಇಷ್ಟೆಲ್ಲ ಗುತ್ತಿಗೆ ಕೊಟ್ಟ ಮೇಲೆ ರೈಲಾದರೂ ಬಂತಾ?
ಹೊಸನಗರ

ಉತ್ತರ: ಇಲ್ಲ. ಟೆಹ್ರಾನಿನಿಂದ ಪಕ್ಕದ ದರ್ಗಾದವರೆಗೆ ಕೆಲವೇ ಮೈಲಿಯ ಪುಟ್ಟ ರೈಲೊಂದು 1888ರಲ್ಲಿ ಬಂತು, ಅಷ್ಟೇ. ಬ್ರಿಟಿಷರು ರೈಲು ಹಾಕಿಬಿಟ್ಟಾರು ಅಂತ ರಷ್ಯ 1890ರಲ್ಲಿ ಷಾನಿಂದ ಹತ್ತು ವರ್ಷ ಯಾರೂ ರೈಲು ಹಾಕಬಾರದು ಅಂತ ಬರೆಸಿಕೊಂಡಿತು, ಆಮೇಲೆ ಇನ್ನೂ ಹತ್ತು ವರ್ಷ ಎಳೆಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಪರ್ಷಿಯಾದ ಉತ್ತರದಿಂದ ದಕ್ಷಿಣಕ್ಕೆ ರೈಲು ಪೂರ್ತಿಯಾದದ್ದು 1938ರಲ್ಲಿ, ಕಜಾರರು ಹೋಗಿ ಹದಿಮೂರು ವರ್ಷಕ್ಕೆ. ಹೊಸನಗರದವರಿಗೆ ರೈಲಿನ ಮಾತು ಎತ್ತಿದರೆ ಹೊಟ್ಟೆ ಉರಿಯುತ್ತದೆ ಅಂತ ಗೊತ್ತು, ಇಲ್ಲಿಗೇ ನಿಲ್ಲಿಸುತ್ತೇನೆ.

ಪ್ರಶ್ನೆ: ದಿವಾನ್ ಮಿರ್ಜಾ ಇಸ್ಮಾಯಿಲ್ ಪರ್ಷಿಯಾದವರಂತೆ, ಹೌದಾ?
ಭದ್ರಾವತಿಯಿಂದಲೇ ಇನ್ನೊಬ್ಬರು

ಉತ್ತರ: ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ. ತಾತ ಅಲಿ ಅಸ್ಕರ್ ಶಿರಾಜಿನಿಂದ ಬಂದವರು, ಕುದುರೆ ವ್ಯಾಪಾರ, ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಕುದುರೆ ಕೊಟ್ಟವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದ್ದೇ. ಮೊಮ್ಮಗ 1926ರಿಂದ 1941ರವರೆಗೆ ದಿವಾನರು. ನಿಮ್ಮೂರಿನ ಕಾಗದ ಕಾರ್ಖಾನೆ ಶುರುವಾದದ್ದು ಅವರ ಕಾಲದಲ್ಲಿ.

ಪ್ರಶ್ನೆ: ಪರ್ಷಿಯಾಕ್ಕೆ ಪಾರ್ಲಿಮೆಂಟು ಬಂದದ್ದು ಬ್ರಿಟಿಷರ ದಯೆಯಿಂದ ಅಂತ ನಮ್ಮ ಗೆಳೆಯರೊಬ್ಬರ ವಾದ. ನಿಜವೇ?
ಕೊಪ್ಪದಿಂದ ನಿವೃತ್ತ ಶಿಕ್ಷಕರು

ಉತ್ತರ: ನಿಮ್ಮ ಗೆಳೆಯರು ಅರ್ಧ ಕಥೆ ಓದಿದ್ದಾರೆ ಸಾರ್.

ನಾಸಿರುದ್ದೀನನನ್ನು 1896ರಲ್ಲಿ, ಆಗಲೇ ಹೇಳಿದ ಪುಟ್ಟ ರೈಲು ಹೋಗುತ್ತಿದ್ದ ಆ ದರ್ಗಾದಲ್ಲೇ, ಗುಂಡಿಟ್ಟು ಕೊಂದರು. ಮಗ ಮುಜಫ್ಫರುದ್ದೀನ್ ಕಾಯಿಲೆಯ ಮನುಷ್ಯ. ಯುರೋಪಿನ ನೀರಿನಲ್ಲಿ ಸ್ನಾನ ಮಾಡಿದರೆ ಗುಣ ಅಂತ ವೈದ್ಯರು ಹೇಳಿದರು, ಪ್ರಯಾಣಕ್ಕೆ 1900ರಲ್ಲೂ 1902ರಲ್ಲೂ ರಷ್ಯದಿಂದ ಸಾಲ. ಸುಂಕದ ಇಲಾಖೆಯನ್ನು ಬೆಲ್ಜಿಯಂನವರ ಕೈಗೆ ಕೊಟ್ಟ. 1905ರ ಡಿಸೆಂಬರಿನಲ್ಲಿ ಸಕ್ಕರೆ ದರ ಏರಿತು. ರಷ್ಯ ಜಪಾನಿನ ಜೊತೆ ಯುದ್ಧ ಮಾಡಿ ಸೊರಗಿ ಸಕ್ಕರೆ ಬರುವುದೇ ಕಮ್ಮಿಯಾಗಿತ್ತು, ಟೆಹ್ರಾನಿನ ಗವರ್ನರ್ ಮಾತ್ರ ವ್ಯಾಪಾರಿಗಳನ್ನು ಹಿಡಿಸಿ ಅಂಗಾಲಿಗೆ ಹೊಡೆಸಿದ. ಅಲ್ಲಿಂದ ಹೊತ್ತಿಕೊಂಡಿತು.

1906ರ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಬ್ರಿಟಿಷ್ ರಾಯಭಾರ ಕಚೇರಿಯ ತೋಟಕ್ಕೆ ನುಗ್ಗಿ ಕೂತರು. ರಕ್ಷಣೆ ಇರುವ ಜಾಗದಲ್ಲಿ ಆಶ್ರಯ ಪಡೆದು ಧರಣಿ ಕೂರುವುದು ಅವರಲ್ಲಿ ಹಳೆಯ ಪದ್ಧತಿ. ಚಮ್ಮಾರರದ್ದು ಒಂದು ಡೇರೆ, ದರ್ಜಿಗಳದ್ದು ಒಂದು, ಹೀಗೆ ಒಂದೊಂದು ಕಸುಬಿಗೆ ಒಂದೊಂದು. ದೊಡ್ಡ ದೊಡ್ಡ ಕೊಪ್ಪರಿಗೆಯಲ್ಲಿ ಅನ್ನ ಬೇಯುತ್ತಿತ್ತು, ಖರ್ಚು ವ್ಯಾಪಾರಿಗಳದ್ದು. ಬ್ರಿಟಿಷರು ಮಾಡಿದ ಉಪಕಾರ ಗೇಟು ಮುಚ್ಚದೇ ಇದ್ದದ್ದು. ಆಗಸ್ಟ್ 5ರಂದು ಷಾ ಒಪ್ಪಿದ. ಅಕ್ಟೋಬರಿನಲ್ಲಿ ಮಜ್ಲಿಸ್, ಅಂದರೆ ಅವರ ಪಾರ್ಲಿಮೆಂಟು, ಸೇರಿತು, ಡಿಸೆಂಬರ್ 30ಕ್ಕೆ ಸಂವಿಧಾನಕ್ಕೆ ರುಜು, ಜನವರಿಯಲ್ಲಿ ಷಾ ತೀರಿಕೊಂಡ. ಮಜ್ಲಿಸ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಹೊಸ ವಿದೇಶಿ ಸಾಲವನ್ನು ಬೇಡ ಅಂದದ್ದು. ಜನಕ್ಕೆ ರೋಗ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು.

ಈಗ ಇನ್ನರ್ಧ ಕೇಳಿ. ಒಂದೇ ವರ್ಷದಲ್ಲಿ, 1907ರ ಆಗಸ್ಟ್ 31ರಂದು, ಅದೇ ಬ್ರಿಟಿಷರು ರಷ್ಯದ ಜೊತೆ ಕೂತು ಪರ್ಷಿಯಾದ ಮೇಲೆ ಗೆರೆ ಎಳೆದರು. ಉತ್ತರ ರಷ್ಯದ ಪ್ರಭಾವಕ್ಕೆ, ಆಗ್ನೇಯ ಬ್ರಿಟನ್ನಿನದಕ್ಕೆ. ಪರ್ಷಿಯಾದವರನ್ನು ಒಂದು ಮಾತು ಕೇಳಲಿಲ್ಲ. 1908ರ ಜೂನಿನಲ್ಲಿ ಹೊಸ ಷಾ ಮಹಮ್ಮದ್ ಅಲಿಯ ಪರವಾಗಿ ಲಿಯಾಖೊವ್ ಎಂಬ ರಷ್ಯದ ಕರ್ನಲ್ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹಾರಿಸಿದ. ತಬ್ರೀಜಿನ ಜನ ಸತ್ತಾರ್ ಖಾನ್, ಬಾಕರ್ ಖಾನ್ ಮುಂದಾಳತ್ವದಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡು ನಿಂತರು. 1909ರಲ್ಲಿ ಆ ಷಾನನ್ನು ಇಳಿಸಿ ಹುಡುಗ ಅಹ್ಮದನನ್ನು ಕೂರಿಸಿದರು. 1911ರಲ್ಲಿ ಮಜ್ಲಿಸ್ ಖಜಾನೆ ಸರಿ ಮಾಡಲು ಮಾರ್ಗನ್ ಷುಸ್ಟರ್ ಎಂಬ ಅಮೆರಿಕದವನನ್ನು ಕರೆಸಿತು. ಅಮೀರ್ ಕಬೀರನ ಆಸ್ಟ್ರಿಯಾ ಲೆಕ್ಕವೇ ಇದು, ಎರಡು ಕಡೆಗೂ ಸೇರದವನು ಬೇಕು ಅಂತ. ಅವನು ನಿಷ್ಠೆಯಿಂದ ತೆರಿಗೆ ವಸೂಲಿಗೆ ನಿಂತ, ರಷ್ಯ ಅವನನ್ನು ಓಡಿಸಿ ಇಲ್ಲವೇ ಸೈನ್ಯ ಬರುತ್ತದೆ ಅಂತು, ಬ್ರಿಟನ್ ಅದಕ್ಕೆ ತಲೆಯಾಡಿಸಿತು. ದಯೆಯಂತೆ, ದಯೆ!

ಪ್ರಶ್ನೆ: ಇಷ್ಟರಲ್ಲಿ ಎಣ್ಣೆ ಎಲ್ಲಿ ಬಂತು?
ಶೃಂಗೇರಿ

ಉತ್ತರ: 1901ರಲ್ಲಿ. ಆಸ್ಟ್ರೇಲಿಯಾದ ಚಿನ್ನದ ಗಣಿಯಲ್ಲಿ ದುಡ್ಡು ಮಾಡಿದ ಡಾರ್ಸಿ ಎಂಬುವನು 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಲಾಭದಲ್ಲಿ 16 ಶೇಕಡಾ ಅಂತ ಮಾತಾಡಿ ನೆಲದಡಿಯ ಪೆಟ್ರೋಲಿಯಂ ಎಣ್ಣೆ ತೆಗೆಯುವ ಹಕ್ಕನ್ನು 60 ವರ್ಷಕ್ಕೆ ಬರೆಸಿಕೊಂಡ. ರಷ್ಯ ಸಿಟ್ಟಾಗಬಾರದು ಅಂತ ಉತ್ತರದ ಐದು ಪ್ರಾಂತ್ಯ ಬಿಟ್ಟ. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಹೆಚ್ಚು ಪಾಲು ಷೇರು ಕೊಂಡಿತು, ಯುದ್ಧದ ಹಡಗಿಗೆ ಎಣ್ಣೆ ಬೇಕಿತ್ತು. ಕಜಾರರು ಹೋದರು, ರೆಜಾ ಷಾ ಬಂದ, ಕಂಪನಿ ಅಲ್ಲೇ ಇತ್ತು. 1951ರಲ್ಲಿ ಅದನ್ನು ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಸಾದೆಘ್‌ರ ತಾಯಿ ಕಜಾರ್ ರಾಜಕುಮಾರಿ. ಅದು ಇನ್ನೊಂದು ಸಂಚಿಕೆಯ ವಿಷಯ, ಯಾರಾದರೂ ಪ್ರಶ್ನೆ ಕಳಿಸಿ. ಒಂದೇ ಪುಟದಲ್ಲಿ ಬರೆಯಿರಿ, ಅಕ್ಷರ ಸ್ವಲ್ಪ ದೊಡ್ಡದಿರಲಿ.